ಶಿವಮೊಗ್ಗ ಸುತ್ತಲಿನ ಪಾರ್ಕುಗಳಿಗೆ ಇಪ್ಪತ್ತು ವರ್ಷದ ಯೋಜನೆ ಬೇಕು ಅಂತ ಕೇಳೋದಾದ್ರೆ ಅರ್ಜಿಯಲ್ಲಿ ಏನು ಬರೆಯಬೇಕು?

ಚಾನಲ್‌ದಂಡೆ (ಶಿವಮೊಗ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ದೊಡ್ಡ ಹುದ್ದೆ ಏನಲ್ಲ. ಸಭೆಯಲ್ಲಿ ಯಾರೂ ಒಪ್ಪಲಿಲ್ಲ, ನಮ್ಮ ಯಜಮಾನರು ಸುಮ್ನೆ ನನ್ನ ಹೆಸರು ಹೇಳಿಬಿಟ್ಟರು.

ನಮ್ಮ ಬಡಾವಣೆಯ ಪಾರ್ಕಿನ ಕಥೆ ನಿಮ್ಮ ಕಡೆಯದ್ದೂ ಇರಬಹುದು. ಒಂದು ಅನುದಾನ ಬಂದಾಗ ವಾಕಿಂಗ್ ಪಾತ್ ಆಯಿತು. ಇನ್ನೊಂದು ಬಂದಾಗ ಅದನ್ನೇ ಕಿತ್ತು ಇಂಟರ್‌ಲಾಕ್ ಹಾಕಿದರು. ಆಮೇಲೆ ಓಪನ್ ಜಿಮ್ ಬಂತು. ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬೋಲ್ಟ್‌ಗಳೆಲ್ಲ ತುಕ್ಕು. ಬೋರ್‌ವೆಲ್ ಮೋಟರ್ ಸುಟ್ಟು ಎಷ್ಟೋ ಕಾಲವಾಗಿದೆ, ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕುವವರಿಲ್ಲ. ಆದರೆ ಹೊಸ ಕಮಾನಿಗೆ ಮಾತ್ರ ಎಸ್ಟಿಮೇಟ್ ಆಗಿದೆಯಂತೆ.

ಪ್ರತಿ ಸಲ ನಾವು ನಮ್ಮ ಒಂದು ಪಾರ್ಕಿಗೆ ಅಂತ ಅರ್ಜಿ ಹಾಕುತ್ತೇವೆ. ಪಕ್ಕದ ಬಡಾವಣೆಯವರು ಅವರದಕ್ಕೆ ಹಾಕುತ್ತಾರೆ. ಯಾರ ಕೈ ಮೇಲಾಯಿತೋ ಅವರಿಗೆ ಕಾಸು. ಆದರೆ ಒಟ್ಟು ಊರಿಗೆ, ಊರಿನ ಸುತ್ತಮುತ್ತಲಿಗೆ ಏನು ಬೇಕು ಅಂತ ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ. ವಾರ್ಡಿನ ಪಾರ್ಕು ಪಾಲಿಕೆಗೆ. ಹೊಸ ಬಡಾವಣೆಯದ್ದು ಹಸ್ತಾಂತರ ಆಗುವ ತನಕ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ. ತುಂಗಾ ಚಾನಲ್ ದಂಡೆ ನೀರಾವರಿಯವರಿಗೆ. ಕೆರೆ ಒಂದೊಂದೂ ಒಬ್ಬೊಬ್ಬರಿಗೆ. ಮುದ್ದಿನಕೊಪ್ಪದ ಟ್ರೀ ಪಾರ್ಕು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ ಪಕ್ಷಿಧಾಮ ಅರಣ್ಯ ಇಲಾಖೆಗೆ. ತ್ಯಾವರೆಕೊಪ್ಪದ ಸಫಾರಿ ಮೃಗಾಲಯ ಪ್ರಾಧಿಕಾರಕ್ಕೆ. ಇವೆಲ್ಲ ಒಂದೇ ಹಾಳೆ ಮೇಲೆ ಬರೆದಿದ್ದನ್ನು ನಾನಂತೂ ನೋಡಿಲ್ಲ.

2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆ ದಿಕ್ಕಿಗೆ ಹೋದರೆ ಗದ್ದೆಯಲ್ಲೆಲ್ಲ ಸೈಟಿನ ಕಲ್ಲು ಎದ್ದಿವೆ. ಇನ್ನು ಸ್ವಲ್ಪ ವರ್ಷ ಬಿಟ್ಟರೆ ಕೇಳುವುದಕ್ಕೂ ಜಾಗ ಇರುವುದಿಲ್ಲ ಅನ್ನೋದು ನನ್ನ ಹೆದರಿಕೆ. ಮಾಸ್ಟರ್ ಪ್ಲಾನ್ ಪರಿಷ್ಕರಣೆಗೆ ಬಂದಾಗ ನಾಲ್ಕೈದು ಬಡಾವಣೆಯವರು ಸೇರಿ ಒಂದು ಅರ್ಜಿ ಕೊಡೋಣ ಅಂತಿದ್ದೇವೆ. "ಹೆಚ್ಚು ಪಾರ್ಕು ಬೇಕು" ಅಂತ ಬರೆದರೆ ಕಡತಕ್ಕೆ ಸೇರಿಸಿ ಮುಗಿಸುತ್ತಾರೆ. ಏನು ಕೇಳಿದರೆ ಉಪಯೋಗ ಆಗುತ್ತೆ? ಗೊತ್ತಿದ್ದವರು ದಯವಿಟ್ಟು ಹೇಳಿ.

---

ತೋಟದವ (ತೀರ್ಥಹಳ್ಳಿ ತಾಲ್ಲೂಕು):

ಅಕ್ಕಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಅರ್ಜಿಯಲ್ಲಿ "ಪ್ರಾದೇಶಿಕ ಯೋಜನೆ" ಅಂತ ಬರೆಯುವ ಮುಂಚೆ ನಮ್ಮ ಕಡೆಯವರನ್ನೂ ಒಂದು ಮಾತು ಕೇಳಿ ಮಾರಾಯ್ರೆ. ಹಸಿರು ಬಣ್ಣದ ನಕ್ಷೆ ಅಂದರೆ ಇಲ್ಲಿ ಜನಕ್ಕೆ ಎದೆ ಧಸಕ್ ಅನ್ನುತ್ತೆ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸುವ ಕಸ್ತೂರಿರಂಗನ್ ವರದಿ ಮೇಲೆ 2014ರಿಂದ ಈಚೆಗೆ ಕರಡು ಮೇಲೆ ಕರಡು ಬಂತು. ಪ್ರತಿ ಸಲ ಊರಿನ ಹೆಸರು ಪಟ್ಟಿಯಲ್ಲಿದೆಯಾ ಇಲ್ಲವಾ ಅಂತ ನೋಡುವುದೇ ಒಂದು ಕೆಲಸ. ಅದಕ್ಕೂ ಹಿಂದಿನದು ಕೇಳಿ. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ ಮಠ ಬಿಟ್ಟವರಲ್ಲಿ ಎಷ್ಟೋ ಜನರನ್ನು ಶೆಟ್ಟಿಹಳ್ಳಿ ಕಾಡಿನ ಕಡೆ ತಂದು ಕೂರಿಸಿದರು. 1974ರಲ್ಲಿ ಅದೇ ಕಾಡು ಅಭಯಾರಣ್ಯ ಆಯಿತು. ಒಂದು ಸಲ ನೀರಿಗಾಗಿ ಎದ್ದವರು, ಇನ್ನೊಂದು ಸಲ ಕಾಡಿಗಾಗಿ ಏಳಬೇಕಾ? ರಸ್ತೆ, ಕರೆಂಟು, ಹಕ್ಕುಪತ್ರ ಅಂತ ಇವತ್ತಿಗೂ ಅಲೆಯುತ್ತಿದ್ದಾರೆ.

ನಮ್ಮ ಸೊಪ್ಪಿನಬೆಟ್ಟವನ್ನೂ ಯಾರೋ ದೊಡ್ಡವರು ಬಂದು "ಇಕೋ ಪಾರ್ಕ್" ಅಂತ ಬೋರ್ಡ್ ಹಾಕಿದರೆ ತೋಟಕ್ಕೆ ಸೊಪ್ಪು ಎಲ್ಲಿಂದ ತರೋದು? ಪೇಟೆಯವರಿಗೆ ವಾರದ ಕೊನೆಯಲ್ಲಿ ಓಡಾಡಲು ಜಾಗ ಬೇಕು, ಸರಿ. ಆ ಜಾಗ ನಮ್ಮ ಅಂಗಳದಲ್ಲೇ ಆಗಬೇಕು ಅಂದ್ರೆ ಹೆಂಗೆ? ಇನ್ನೊಂದು ವಿಷಯ. ಸುತ್ತ ಇಷ್ಟು ಕಾಡು ಇಟ್ಟುಕೊಂಡು ಮಲೆನಾಡಿಗೆ ಪಾರ್ಕು ಯಾಕೆ ಅಂತ ಕೇಳುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ ಅಂತಿಟ್ಟುಕೊಳ್ಳಿ.

---

ಬಾಂದುಕಲ್ಲು (ಹೊಸನಗರ):

ಇಬ್ಬರ ಮಾತೂ ಓದಿದೆ. ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವನು. ಈಗ ನಿವೃತ್ತಿ. ಸರಪಳಿ ಹಿಡಿದು ಅಳೆದ ಕಾಲದವನು, ಕೊನೆಗೆ ಡ್ರೋನ್ ಬಂದಿದ್ದನ್ನೂ ನೋಡಿದವನು. ಹಾಗಾಗಿ ನನ್ನ ಉತ್ತರ ಎಲ್ಲ ನೆಲದ ಲೆಕ್ಕದಿಂದಲೇ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಅಕ್ಕಾ, ಅರ್ಜಿಯಲ್ಲಿ ಪಾರ್ಕು ಕೇಳಬೇಡಿ. ನಕ್ಷೆ ಕೇಳಿ. ಹೊಸ ಜಾಗವನ್ನೂ ಕೇಳಬೇಡಿ. ಸರ್ಕಾರದ ಕೈಯಲ್ಲಿ ಈಗಾಗಲೇ ಇರುವ ಜಾಗ ಯಾವುದು, ಅದರ ಗಡಿ ಎಲ್ಲಿ ಅಂತ ಗುರುತು ಮಾಡಿ ಅಂತ ಕೇಳಿ. ಇಪ್ಪತ್ತು ವರ್ಷದ ಯೋಜನೆ ಅಂದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಇಷ್ಟೇ.

ಯಾಕೆ ಹೇಳ್ತೀನಿ ಅಂದರೆ, ನಿಮ್ಮ ಪಾರ್ಕುಗಳ ವ್ಯವಸ್ಥೆ ಹಳೆಯ ಗ್ರಾಮ ನಕ್ಷೆಯಲ್ಲಿ ಆಗಲೇ ಇದೆ. ಒಮ್ಮೆ ತೆಗೆದು ನೋಡಿ. ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತೆ. ನಕ್ಷೆಯ ಅಳತೆ ಒಂದು ಇಂಚಿಗೆ 660 ಅಡಿ, ಅಂದರೆ 33 ಅಡಿಯ ಹಳೇ ಸರಪಳಿ ಲೆಕ್ಕದಲ್ಲಿ ಇಪ್ಪತ್ತು ಸರಪಳಿ. ಅದರಲ್ಲಿ ಕೆರೆ ಇರುತ್ತೆ, ಕೋಡಿ ಇರುತ್ತೆ, ಕೋಡಿಯಿಂದ ಕೆಳಗಿನ ಕೆರೆಗೆ ಹೋಗುವ ಹಳ್ಳ ಇರುತ್ತೆ. ಗಾಡಿದಾರಿ, ಕಾಲುದಾರಿ, ಗೋಮಾಳ, ಸ್ಮಶಾನ, ಗುಂಡುತೋಪು ಎಲ್ಲ ಇರುತ್ತೆ. ಬರೆದವನು ಯಾವ ಕಾಲದವನೋ, ಹಳ್ಳದ ಒಂದೊಂದು ತಿರುವನ್ನೂ ಬಿಡದೆ ಎಳೆದಿರುತ್ತಾನೆ. ಅದೇ ಜಾಗದ ಬಡಾವಣೆ ನಕ್ಷೆಯನ್ನು ಅದರ ಮೇಲಿಟ್ಟು ನೋಡಿ. ಹಳ್ಳ ಹೋಗಿ ಚರಂಡಿ ಆಗಿರುತ್ತೆ, ಕೆಲವು ಕಡೆ ಚರಂಡಿಯೂ ಇಲ್ಲ, ಸೈಟ್ ನಂಬರ್ ಇರುತ್ತೆ.

ಪಹಣಿ ತೆಗೆದರೆ ವಿಸ್ತೀರ್ಣದ ಕಾಲಂನಲ್ಲಿ ಖರಾಬು ಅಂತ ಎರಡು ಸಾಲು ಬರುತ್ತೆ, ಎ ಮತ್ತು ಬಿ. ಎ ಖರಾಬು ಅಂದರೆ ಬೇಸಾಯಕ್ಕೆ ಬಾರದ ಬಂಡೆ, ದಿಣ್ಣೆ ಇಂಥದ್ದು. ಅದು ಹಿಡುವಳಿಯ ಜೊತೆಗೇ ಸೇರಿಕೊಂಡಿರುತ್ತೆ. ಬಿ ಖರಾಬು ಹಾಗಲ್ಲ. ದಾರಿ, ಹಳ್ಳ, ಕೆರೆ ಇಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ಅದು, ಮಾಲೀಕನಿಗೆ ಮಾರುವ ಹಕ್ಕಿಲ್ಲ. ಉದಾಹರಣೆಗೆ ಒಂದು ಸರ್ವೆ ನಂಬರ್ ನಾಲ್ಕು ಎಕರೆ ಹನ್ನೆರಡು ಗುಂಟೆ, ಅದರಲ್ಲಿ ಬಿ ಖರಾಬು ಒಂಬತ್ತು ಗುಂಟೆ ಅಂತಿಟ್ಟುಕೊಳ್ಳಿ. ಒಂದು ಗುಂಟೆ ಅಂದರೆ ಮೂವತ್ಮೂರು ಅಡಿಗೆ ಮೂವತ್ಮೂರು ಅಡಿ. ಒಂಬತ್ತು ಗುಂಟೆ ಅಂದರೆ ಹತ್ತಿರ ಹತ್ತು ಸಾವಿರ ಚದರ ಅಡಿ. ಪೇಟೆಯ ಎಷ್ಟೋ ಪಾರ್ಕು ಅಷ್ಟು ದೊಡ್ಡದಿಲ್ಲ! ಅದೂ ಉದ್ದಕ್ಕೆ, ಪಟ್ಟಿಯ ಹಾಗೆ, ಮುಂದಿನ ಸರ್ವೆ ನಂಬರಿನ ಬಿ ಖರಾಬಿಗೆ ಸೇರಿಕೊಂಡು ಹೋಗುತ್ತೆ. ನಡೆಯುವ ದಾರಿಗೆ ಇದಕ್ಕಿಂತ ಒಳ್ಳೆ ಜಾಗ ಬೇರೆ ಬೇಕಾ?

ಬಡಾವಣೆ ಮಾಡುವಾಗ ಪಾರ್ಕಿಗೆ ಅಂತ ಜಾಗ ಬಿಡಬೇಕು, ಸರಿ. ಎಲ್ಲಿ ಬಿಡುತ್ತಾರೆ? ಸೈಟ್ ಆಗದ ಮೂಲೆ ಎಲ್ಲಿ ಉಳಿಯಿತೋ ಅಲ್ಲಿ. ತ್ರಿಕೋನ, ಅದರ ನೆತ್ತಿ ಮೇಲೆ ಹೈಟೆನ್ಶನ್ ಲೈನು. ಆಮೇಲೆ ಆ ಜಾಗವನ್ನು ಪರಿತ್ಯಾಜನ ಪತ್ರ ಮಾಡಿ ಬಿಟ್ಟುಕೊಡಬೇಕು. ಅದು ಆಗಿದೆಯಾ, ಖಾತೆ ಯಾರ ಹೆಸರಲ್ಲಿದೆ ಅಂತ ಯಾವ ಸಂಘದವರೂ ಕೇಳುವುದಿಲ್ಲ. ಎಲ್ಲರಿಗೂ ಜೋಕಾಲಿ ಬೇಕು. ಖಾತೆ ಮೂಲ ಮಾಲೀಕನ ಹೆಸರಲ್ಲೇ ಉಳಿದರೆ ಅವನ ಮೊಮ್ಮಗ ಒಂದು ದಿನ ಕೋರ್ಟಿನ ಕಾಗದ ಹಿಡಿದುಕೊಂಡು ಬರುತ್ತಾನೆ. ಆಗ ಜೋಕಾಲಿ ಸಮೇತ ಹೋಗುತ್ತೆ. ಅನುಮೋದನೆ ಇಲ್ಲದೆ ಹೊಲದಲ್ಲೇ ಸೈಟ್ ಮಾಡಿದ ಕಂದಾಯ ಬಡಾವಣೆಗಳ ಕಥೆಯಂತೂ ಬೇಡ, ಅಲ್ಲಿ ಬಿಡುವುದಕ್ಕೆ ಮೂಲೆಯೂ ಇಲ್ಲ.

ಈಗ ತೋಟದವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ನಿಜ, ಆ ಭಯ ಸುಳ್ಳಲ್ಲ. ಅದಕ್ಕೇ ಅರ್ಜಿಯಲ್ಲಿ ಮೂರು ಬಗೆಯ ಜಾಗವನ್ನು ಬೇರೆ ಬೇರೆ ಮಾಡಿ ಬರೆಯಿರಿ. ಒಂದು, ಮಕ್ಕಳು ಮುದುಕರು ನಡೆದು ಹೋಗುವ ದೂರದ ವಾರ್ಡ್ ಪಾರ್ಕು. ಎರಡು, ಊರಿನ ಕೆರೆ, ಚಾನಲ್ ದಂಡೆ, ಹೊಳೆ ದಂಡೆ. ಮೂರನೆಯದು ಕಾಡು. ಈ ಮೂರನೆಯದನ್ನು ಪಾರ್ಕಿನ ಲೆಕ್ಕಕ್ಕೆ ಹಾಕಿಕೊಳ್ಳಲೇಬೇಡಿ. ಶೆಟ್ಟಿಹಳ್ಳಿ ಅಭಯಾರಣ್ಯ 395 ಚದರ ಕಿಲೋಮೀಟರ್ ಇದೆ, ಅದನ್ನು ತಲೆಗೆ ಇಷ್ಟು ಅಂತ ಭಾಗಿಸಿ "ನಮ್ಮ ಜಿಲ್ಲೆಯಲ್ಲಿ ಹಸಿರು ಬೇಕಾದಷ್ಟಿದೆ" ಅನ್ನುವ ಅಧಿಕಾರಿಗಳನ್ನು ನೋಡಿದ್ದೇನೆ. ಶಿವಮೊಗ್ಗ ಪೇಟೆಯ ಗೋಪಾಳದ ಅಜ್ಜಿ ಸಂಜೆ ವಾಕಿಂಗಿಗೆ ಶೆಟ್ಟಿಹಳ್ಳಿಗೆ ಹೋಗಬೇಕಾ? ಸುತ್ತ ಕಾಡಿರುವಾಗ ಪಾರ್ಕು ಯಾಕೆ ಅನ್ನುವ ಪ್ರಶ್ನೆಗೂ ಇದೇ ಉತ್ತರ. ಕಾಡಿಗೆ ಅದರದ್ದೇ ಕೆಲಸ ಇದೆ. ಪೇಟೆಯವರಿಗೆ ಪೇಟೆಯಲ್ಲೇ ಜಾಗ ಇದ್ದರೆ ಅವರು ಪ್ರತಿ ಭಾನುವಾರ ನಿಮ್ಮ ಬೆಟ್ಟಕ್ಕೆ ಜೀಪ್ ಹತ್ತಿ ಬರುವುದೂ ಕಡಿಮೆ ಆಗುತ್ತೆ.

ಹಿಡುವಳಿ, ಸೊಪ್ಪಿನಬೆಟ್ಟ, ಬಗರ್ ಹುಕುಂ (ಸಾಗುವಳಿ ಸಕ್ರಮದ) ಅರ್ಜಿ ಇರುವ ಜಾಗ, ಮುಳುಗಡೆಯವರ ಊರು ಯಾವುದೂ ಈ ಯೋಜನೆಯೊಳಗೆ ಬರುವುದಿಲ್ಲ ಅಂತ ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ. ಹಳ್ಳಿಯವರ ಸಹಿ ಬೇಕಾದರೆ ಈ ಸಾಲು ಬೇಕೇ ಬೇಕು.

ನನಗೆ ಬರೆಯಲು ಬಿಟ್ಟರೆ ಇಡೀ ಯೋಜನೆಗೆ ಬೆನ್ನೆಲುಬು ತುಂಗಾ ಹೊಳೆ. ಗಾಜನೂರಿನಿಂದ ಶಿವಮೊಗ್ಗ ಪೇಟೆ ದಾಟಿ, ಭದ್ರೆ ಬಂದು ಸೇರುವ ಕೂಡಲಿ ತನಕ. ಶಿವಮೊಗ್ಗ, ಭದ್ರಾವತಿ ಎರಡೂ ಒಂದೇ ಯೋಜನಾ ಪ್ರಾಧಿಕಾರದಲ್ಲಿರುವುದು ಅನುಕೂಲ, ಭದ್ರಾ ದಂಡೆಯನ್ನೂ ಸೇರಿಸಿಕೊಳ್ಳಬಹುದು. ದಂಡೆ ಅಂದ ತಕ್ಷಣ ಕಾಂಕ್ರೀಟ್ ಗೋಡೆ, ಗ್ರಾನೈಟ್ ಬೆಂಚು ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಊರೊಳಗೆ ಬಂದಿದ್ದು ನೆನಪಿದೆಯಲ್ಲ? ಆಗ ನೀರು ಎಲ್ಲಿ ತನಕ ಬಂತು ಅಂತ ದಂಡೆಯ ಮನೆಯವರನ್ನು ಕೇಳಿದರೆ ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಆ ಗೆರೆಯೊಳಗೆ ಖಾಲಿ ಉಳಿದಿರುವುದನ್ನೆಲ್ಲ ಖಾಲಿಯಾಗಿಯೇ ಉಳಿಸಿ ಅಂತ ಕೇಳಿ. ಆಟದ ಬಯಲು, ಹುಲ್ಲು, ಮರ. ಎರಡು ದಿನ ನೀರು ನಿಂತು ಹೋದರೂ ಯಾರಿಗೂ ಪರಿಹಾರ ಕೊಡಬೇಕಾಗಿಲ್ಲ.

ಮರದ ವಿಷಯ ಒಂಚೂರು. ಪಾರ್ಕಿನಲ್ಲಿ ಬೇಗ ಹಸಿರು ಕಾಣಲಿ ಅಂತ ಬೇಗ ಬೆಳೆಯುವ ಜಾತಿ ನೆಡುತ್ತಾರೆ. ಮಳೆಮರ ನೆರಳು ಚೆನ್ನಾಗಿ ಕೊಡುತ್ತೆ, ಜೂನ್ ಗಾಳಿಗೆ ಕೊಂಬೆಯನ್ನೂ ಅಷ್ಟೇ ಚೆನ್ನಾಗಿ ಬೀಳಿಸುತ್ತೆ. ಹೊಳೆದಂಡೆಗೆ ಹೊಳೆದಾಸವಾಳ, ಹೊಂಗೆ, ನೇರಳೆ ಇವೆ. ಒಳಗೆ ರಂಜ, ಹಲಸು, ಹೊನ್ನೆ ಹಾಕಿ. ನಿಧಾನ, ಆದರೆ ಯೋಜನೆಯೇ ಇಪ್ಪತ್ತು ವರ್ಷದ್ದಲ್ವಾ? ಆತುರದ ಹಸಿರಿಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಪಾಠವೇ ಇದೆ. ಕಾಗದ ಕಾರ್ಖಾನೆಗೆ ಅಂತ 1980ರಲ್ಲಿ ನಲವತ್ತು ವರ್ಷಕ್ಕೆ ಕಾಡು ಗುತ್ತಿಗೆ ಕೊಟ್ಟು ಅಕೇಶಿಯಾ ಬೆಳೆಸಿದರು. 2020ರಲ್ಲಿ ಗುತ್ತಿಗೆ ಮುಗಿಯಿತು, ಅಷ್ಟೊತ್ತಿಗೆ ಕಾರ್ಖಾನೆಯೇ ನಿಂತಿತ್ತು. ಮುಂದೇನು ಅನ್ನುವುದಕ್ಕೆ ಬೀದಿಯಲ್ಲಿ ಗಲಾಟೆ ಆಯಿತು.

ಕಾನೂನು ಏನಿದೆ ಅಂತ ಕೇಳಿದರೆ ಇಷ್ಟು ಸಾಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಜನರ ಆಕ್ಷೇಪಣೆ ಕೇಳಬೇಕು. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ. ಅದರಲ್ಲಿ ಸ್ಥಳೀಯ ಸಂಸ್ಥೆ ತನ್ನ ಪಾರ್ಕು ಮೈದಾನಗಳ ಪಟ್ಟಿ ಮಾಡಿ ಸರ್ಕಾರಕ್ಕೆ ಕೊಡಬೇಕು. ಪಟ್ಟಿಗೆ ಸೇರಿದ ಜಾಗವನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಬೇರೆಯದಕ್ಕೆ ಬಳಸುವ ಹಾಗಿಲ್ಲ. ನಿಮ್ಮ ಊರಿನ ಪಟ್ಟಿಯ ನಕಲು ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆಸ್ಪತ್ರೆಯೂ ಜನೋಪಯೋಗಿಯೇ ತಾನೇ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ. ಆ ತೀರ್ಪನ್ನು ಅರ್ಜಿಗೆ ಲಗತ್ತಿಸಿ. ಓದುತ್ತಾರೋ ಇಲ್ಲವೋ, ಲಗತ್ತು ದಪ್ಪ ಇದ್ದರೆ ಕಡತ ಬೇಗ ಮೇಲೆ ಹೋಗುತ್ತೆ.

---

ಸಾಗರದ ಆಶಾ:

ನಾನು ಸಾಗರ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ಹೆಸರು ಆಶಾ ಅಲ್ಲ, ಕೆಲಸ ಆಶಾ 🙂

ಬಾಂದುಕಲ್ಲು ಸರ್ ಎಲ್ಲ ಹೇಳಿದರು, ಆದರೆ ಉಣುಗು (ಉಣ್ಣೆ ಹುಳ) ಮರೆತರು. ಕಾಡಂಚಿನಲ್ಲಿ ನಡಿಗೆ ದಾರಿ, ಕ್ಯಾಂಪಿಂಗ್, ಟ್ರೆಕ್ಕಿಂಗ್ ಅಂತ ಏನೇ ಯೋಜನೆ ಮಾಡಿದರೂ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಲೆಕ್ಕಕ್ಕೆ ಬರಲೇಬೇಕು. 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರಿನಲ್ಲಿ. 2019ರಲ್ಲಿ ಅರಳಗೋಡು ಕಡೆ ಬಂದಾಗ ಎಷ್ಟು ಮನೆ ಕಣ್ಣೀರು ಹಾಕಿತು ಅಂತ ನಮಗೆ ಗೊತ್ತು. ಪ್ರವಾಸಿಗಳಿಗೆ ಚಳಿ ಶುರುವಾದ ಮೇಲೆ ಬೇಸಿಗೆ ಮುಗಿಯುವ ತನಕ ಸೀಸನ್. ಉಣುಗಿಗೂ ಅದೇ ಸೀಸನ್. ಮಳೆ ನಿಂತು ಎಲೆ ಒಣಗುವ ಹೊತ್ತಿಗೆ ಮರಿ ಉಣುಗು ಜಾಸ್ತಿ, ಕಣ್ಣಿಗೂ ಕಾಣಲ್ಲ.

ನಾವು ಮನೆ ಮನೆಗೆ ಉಣುಗು ಹತ್ತದ ಹಾಗೆ ಮಾಡುವ ಡೇಪಾ ಎಣ್ಣೆ ಕೊಟ್ಟು ಬರುತ್ತೇವೆ. ದರಕು (ಒಣ ಎಲೆ) ತರಲು, ಸೊಪ್ಪು ಕಡಿಯಲು ಹೋಗುವವರು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು ಅಂತ ಗಂಟಲು ಹರಿದುಕೊಳ್ಳುತ್ತೇವೆ. ಅದೇ ಹೊತ್ತಿಗೆ ಬೇರೆ ಊರಿನಿಂದ ಚಡ್ಡಿ ಹಾಕಿಕೊಂಡು ಬಂದ ಹುಡುಗರು ದರಕಿನ ಮೇಲೆ ಚಾಪೆ ಹಾಕಿ ಮಲಗಿರುತ್ತಾರೆ. ಎಲ್ಲಾದರೂ ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂದರೆ ಆ ದಾರಿ ಅವತ್ತೇ ಮುಚ್ಚಬೇಕು. ಯಾರು ಮುಚ್ಚಬೇಕು? ಪಂಚಾಯ್ತಿ ಅರಣ್ಯದವರನ್ನ ತೋರಿಸುತ್ತೆ, ಅವರು ಆರೋಗ್ಯ ಇಲಾಖೆಯನ್ನ ತೋರಿಸುತ್ತಾರೆ. ಯೋಜನೆಯಲ್ಲಿ ಇದನ್ನು ಬರೆಸಿ. ದಾರಿ ತೆರೆಯುವವರ ಹೆಸರು ಇದ್ದ ಹಾಗೆ ಮುಚ್ಚುವವರ ಹುದ್ದೆಯೂ ಇರಲಿ.

ಮತ್ತೆ ಶೌಚಾಲಯ. ಗಂಡಸರು ಬರೆದ ಯೋಜನೆಯಲ್ಲಿ ಅದು ಕೊನೆಯ ಪುಟದಲ್ಲಿರುತ್ತೆ, ಬಾಂದುಕಲ್ಲು ಸರ್ ಪತ್ರದಲ್ಲಿ ಆ ಕೊನೆಯ ಪುಟವೂ ಕಾಣಲಿಲ್ಲ. ನೀರು ಬರುವ, ಚಿಲಕ ಹಾಕಲು ಆಗುವ ಶೌಚಾಲಯ ಇಲ್ಲದ ಪಾರ್ಕಿಗೆ ಹೆಂಗಸರು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬರಲ್ಲ.

---

ಹೊಳೆದಾಟಿದವ:

ಊರು ಶಿವಮೊಗ್ಗ, ಈಗ ಇರುವುದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಹತ್ತಿರ. ಅಮೆರಿಕಾ ಉಪದೇಶ ಅಂತ ಬೈಬೇಡಿ. ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವ ವಿಷಯ ಇಲ್ಲಿದೆ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್ ಅಂತ ಒಂದು ಸಂಸ್ಥೆ ಇದೆ. ಪಾಲಿಕೆಯೂ ಅಲ್ಲ, ಅರಣ್ಯ ಇಲಾಖೆಯೂ ಅಲ್ಲ. ಎರಡು ಕೌಂಟಿಗಳ, ನಮ್ಮ ಲೆಕ್ಕದಲ್ಲಿ ಎರಡು ಜಿಲ್ಲೆಗಳ ಪಾರ್ಕುಗಳಿಗೆ ಅಂತಲೇ ಇರುವುದು. ಹುಟ್ಟಿದ್ದು 1934ರಲ್ಲಿ. ಆಗ ಇಲ್ಲಿ ಕೆಲಸವಿಲ್ಲದೆ ಜನ ಒದ್ದಾಡುತ್ತಿದ್ದ ಕಾಲ. ಅಂಥ ಹೊತ್ತಿನಲ್ಲೂ ಜನ ಮತ ಹಾಕಿ, ತಮ್ಮ ಆಸ್ತಿಯ ಪ್ರತಿ ನೂರು ಡಾಲರ್ ಮೌಲ್ಯಕ್ಕೆ ಐದು ಸೆಂಟ್ ತೆರಿಗೆ ಒಪ್ಪಿಕೊಂಡರು. ಜಾಗ ಎಲ್ಲಿಂದ ಬಂತು ಗೊತ್ತಾ? ನೀರು ಸರಬರಾಜಿಗೆ ಅಂತ ಇಟ್ಟುಕೊಂಡಿದ್ದ ಗುಡ್ಡಗಳಲ್ಲಿ ಒಂದಿಷ್ಟು ಹೆಚ್ಚುವರಿ ಆಯಿತು. ಅದು ಸೈಟ್ ಆಗುವ ಮುಂಚೆ ಪಾರ್ಕ್ ಮಾಡಿಸಿಕೊಂಡರು. ಬಾಂದುಕಲ್ಲು ಅವರು ಹೇಳಿದ ಹಾಗೆಯೇ, ಇರುವ ಜಾಗವನ್ನು ಮೊದಲು ಹಿಡಿದರು. ಈಗ ಲಕ್ಷ ಎಕರೆ ಮೀರಿದೆ. ನಡೆಸುವವರು ಏಳು ಜನ ನಿರ್ದೇಶಕರು, ವಾರ್ಡಿಗೊಬ್ಬರಂತೆ ಜನರೇ ಆರಿಸುತ್ತಾರೆ.

ತೋಟದವರಿಗೆ ಒಂದು ಮಾತು. ಇಲ್ಲಿನ ಎಷ್ಟೋ ಪಾರ್ಕುಗಳಲ್ಲಿ ದನ ಮೇಯುತ್ತವೆ. ಕದ್ದು ಮೇಯುವುದಲ್ಲ, ದನ ಸಾಕುವವರ ಜೊತೆ ಒಪ್ಪಂದ ಮಾಡಿಕೊಂಡು ಪಾರ್ಕಿನವರೇ ಬಿಡುತ್ತಾರೆ. ಹುಲ್ಲು ಎತ್ತರ ಬೆಳೆದು ಒಣಗಿದರೆ ಬೇಸಿಗೆಯಲ್ಲಿ ಬೆಂಕಿ ಭಯ, ಅದಕ್ಕೆ. ವಾಕಿಂಗ್ ಹೋಗುವವರು ಗೇಟು ತೆಗೆದು, ದನ ದಾಟಿ, ಗೇಟು ಹಾಕಿಕೊಂಡು ಹೋಗಬೇಕು. ಮೊದಲ ಸಲ ನೋಡಿದಾಗ ನನಗೆ ನಮ್ಮೂರ ಗೋಮಾಳಕ್ಕೆ ಬಂದಂತಾಯಿತು.

ಆದರೆ ಇಲ್ಲಿ ಮಳೆ ಕಡಿಮೆ, ಜನಸಂಖ್ಯೆ ಬೇರೆ, ದುಡ್ಡು ಬೇರೆ. ಹಾಗೇ ಎತ್ತಿ ಅಲ್ಲಿ ಇಡಲು ಆಗಲ್ಲ.

---

ತೋಟದವ:

ದನ ಮೇಯಿಸಲು ಬಿಡುವ ಪಾರ್ಕಾದರೆ ನಂದೂ ಒಂದು ಸಹಿ ಹಾಕಿಕೊಳ್ಳಿ! ತಮಾಷೆ ಅಲ್ಲ. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಇರಬೇಕು ಅಂತ ಕಂದಾಯ ನಿಯಮದಲ್ಲೇ ಇದೆ. ಈಗ ಎಲ್ಲಿದೆ ಅಂತ ಹುಡುಕಬೇಕು. ಗೋಮಾಳ ಗೋಮಾಳವಾಗೇ ಉಳಿಸಿ, ಅದರ ಅಂಚಿನಲ್ಲಿ ಬೇಕಾದರೆ ನೀವು ನಡೆಯಿರಿ ಅಂತ ಬರೆಯುವುದಾದರೆ ಊರಲ್ಲಿ ನಾನೇ ಮಾತಾಡುತ್ತೇನೆ. ಸೊಪ್ಪಿನಬೆಟ್ಟ ಬಿಟ್ಟಿದ್ದೀವಿ ಅನ್ನುವ ಸಾಲು ಮಾತ್ರ ದಪ್ಪ ಅಕ್ಷರದಲ್ಲಿರಲಿ.

---

ಚಾನಲ್‌ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಶಾ ಅವರೇ, ಶೌಚಾಲಯ ಮೊದಲ ಪುಟಕ್ಕೇ ಬಂತು.

ಬಾಂದುಕಲ್ಲು ಸರ್, ಎರಡು ಅನುಮಾನ. ನಕ್ಷೆ ಬಂತು, ಗಡಿ ಗುರುತಾಯಿತು ಅಂತಲೇ ಇಟ್ಟುಕೊಳ್ಳೋಣ. ನಿರ್ವಹಣೆ? ನಮ್ಮ ಪಾರ್ಕಿಗೆ ಜಾಗದ ತೊಂದರೆ ಇಲ್ಲ, ನೋಡಿಕೊಳ್ಳುವವರಿಲ್ಲ. ಇನ್ನೊಂದು, ಸರ್ವೆ ಮಾಡಿಸುವುದು ನಮ್ಮಂಥವರಿಂದ ಆಗುವ ಕೆಲಸವಾ? ನಮ್ಮ ಸಂಘದಲ್ಲಿ ನಿವೃತ್ತ ಮೇಷ್ಟ್ರು ಇಬ್ಬರು, ಕಾಲೇಜು ಹುಡುಗರು ನಾಲ್ಕೈದು ಜನ ಇದ್ದಾರೆ, ಅಷ್ಟೇ.

---

ಬಾಂದುಕಲ್ಲು:

ಆಶಾ ತಂಗಿ, ಉಣುಗಿನ ಮಾತು ಸರಿ. ಶೌಚಾಲಯದ್ದು ನಿಮ್ಮತ್ತಿಗೆಯೂ ಓದಿ ನಕ್ಕಳು.

ಅಕ್ಕಾ, ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಅಧಿಕೃತ ಸರ್ವೆ ನೀವು ಮಾಡಲು ಬರುವುದಿಲ್ಲ. ಆದರೆ ಯಾವ ಜಾಗ ಸರ್ವೆ ಆಗಬೇಕು ಅನ್ನುವ ಪಟ್ಟಿ ಮಾಡಲು ಹುಡುಗರು ಸಾಕು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹಳ್ಳದ ಗುಂಟ ನಡೆಯಲಿ. ನಿಂತ ಜಾಗದ ಸರ್ವೆ ನಂಬರ್ ಅದರಲ್ಲೇ ಬರುತ್ತೆ. ಕೆಲವು ಅಡಿ ಆಚೀಚೆ ತೋರಿಸುತ್ತೆ, ಅದನ್ನೇ ನಂಬಿ ಯಾರ ಕಾಂಪೌಂಡಿನ ಮುಂದೆಯೂ ಜಗಳಕ್ಕೆ ನಿಲ್ಲಬೇಡಿ. ನಂಬರ್ ಬರೆದುಕೊಂಡು ಬನ್ನಿ, ಪಹಣಿ ತೆಗೆಯಿರಿ, ಬಿ ಖರಾಬು ಎಷ್ಟಿದೆ ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಆಕಾರಬಂದಿನ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದ ಸರ್ವೆ ದಾಖಲೆ) ನಕಲಿಗೆ ಅರ್ಜಿ ಹಾಕಿ, ಪಹಣಿಯಲ್ಲಿ ಇಲ್ಲದ ಖರಾಬು ಎಷ್ಟೋ ಸಲ ಅದರಲ್ಲಿ ಕಾಣುತ್ತೆ. ಸಂಶಯ ಬಂದ ಕಡೆ ಮೂಲ ಟಿಪ್ಪಣಿ, ಅಂದರೆ ಮೊದಲು ಅಳೆದಾಗ ಬರೆದ ಅಳತೆ ದಾಖಲೆ ಕೇಳಿ. ಮೇಷ್ಟ್ರಿಗೆ ಇದು ಹೇಳಿ ಮಾಡಿಸಿದ ಕೆಲಸ, ಅಕ್ಷರ ಓದುವ ತಾಳ್ಮೆ ಇರುತ್ತೆ. ಹಳೇ ಟಿಪ್ಪಣಿಯಲ್ಲಿ ಮೋಡಿ ಅನ್ನುವ ಹಳೇ ಲಿಪಿಯ ಅಕ್ಷರ ಎದುರಾದರೆ ಮಾತ್ರ ಫೋಟೋ ತೆಗೆದು ಇಲ್ಲಿ ಹಾಕಿ, ಓದಬಲ್ಲವರು ನಮ್ಮ ಕಡೆ ಇನ್ನೂ ಒಬ್ಬರಿದ್ದಾರೆ.

ಬಾಂದು ಕಲ್ಲು (ಸರ್ವೆಯ ಗಡಿ ಕಲ್ಲು) ಸಿಕ್ಕರೆ ಅದರದ್ದೂ ಫೋಟೋ ತೆಗೆಯಿರಿ. ಪೇಟೆಯಲ್ಲಿ ಅದು ಹೊಲದಲ್ಲಿದ್ದ ಹಾಗೆ ನೆಟ್ಟಗೆ ನಿಂತಿರುವುದಿಲ್ಲ. ಚರಂಡಿಗೆ ಹಾಸುಗಲ್ಲಾಗಿರುತ್ತೆ, ಬಟ್ಟೆ ಒಗೆಯುವ ಕಲ್ಲಾಗಿರುತ್ತೆ, ಅರಿಶಿನ ಕುಂಕು‌ಮ ಹಚ್ಚಿ ಚೌಡಿ ಮಾಡಿರುವುದೂ ಉಂಟು. ಚೌಡಿ ಆಗಿದ್ದರೆ ಒಳ್ಳೆಯದೇ, ಆ ಕಲ್ಲನ್ನು ಯಾರೂ ಕೀಳುವುದಿಲ್ಲ.

ನಿರ್ವಹಣೆ ಬಗ್ಗೆ. ಇಲ್ಲಿ ನನಗೆ ಸ್ವಲ್ಪ ಕೋಪ ಇದೆ. ಪಾರ್ಕಿನ ಎಸ್ಟಿಮೇಟ್ ಯಾವುದಾದರೂ ತೆಗೆದು ನೋಡಿ, ಕಲ್ಲು, ಕಬ್ಬಿಣ, ಸಿಮೆಂಟು, ಪೇಂಟು ಎಲ್ಲಕ್ಕೂ ದರ ಇರುತ್ತೆ. ಮಾಲಿಗೆ ಇರುವುದಿಲ್ಲ. ಒಂದು ಸಲದ ಕಾಮಗಾರಿಗೆ ಅನುದಾನ ಸಿಗುತ್ತೆ, ತಿಂಗಳ ಸಂಬಳಕ್ಕೆ ಸಿಗುವುದಿಲ್ಲ. ಅದಕ್ಕೇ ನಿಮ್ಮ ಇಂಟರ್‌ಲಾಕನ್ನು ಕಿತ್ತು ಮತ್ತೆ ಹಾಕುತ್ತಾರೆ, ಅದೊಂದೇ ಅವರ ಕೈಲಾಗುವ ಖರ್ಚು. ಅಂದಹಾಗೆ ಮಲೆನಾಡಿನ ಮಳೆಗೆ ಆ ನುಣುಪು ಟೈಲು ಯಾರಿಗೆ ಹೊಳೆಯಿತೋ! ಜುಲೈನಲ್ಲಿ ಪಾಚಿ ಕಟ್ಟಿ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಜಂಬಿಟ್ಟಿಗೆ ಚೂರು, ಮರಳು ಮಿಶ್ರ ಮಾಡಿ ಗಟ್ಟಿಸಿದ ದಾರಿ ಸಾಕು. ನೀರು ಇಂಗುತ್ತೆ, ಕಿತ್ತರೂ ಊರಿನ ಆಳೇ ಸರಿ ಮಾಡುತ್ತಾನೆ.

ಹಾಗಾಗಿ ಅರ್ಜಿಯಲ್ಲಿ ಈ ಷರತ್ತು ಹಾಕಿ. ಯಾವ ಪಾರ್ಕಿಗೆ ಮಾಲಿಯ ಸಂಬಳ ಮತ್ತು ಬೇಸಿಗೆಯ ನೀರು ಎಲ್ಲಿಂದ ಅಂತ ಬರೆದಿಲ್ಲವೋ ಆ ಪಾರ್ಕಿಗೆ ಹೊಸ ಕಾಮಗಾರಿ ಮಂಜೂರು ಮಾಡಬಾರದು. ಕಮಾನಿಗಂತೂ ಕೊಡಲೇಬಾರದು. ಒಂದೊಂದು ಪಾರ್ಕಿಗೆ ಒಬ್ಬ ಮಾಲಿ ಕೊಡಲು ಆಗದಿದ್ದರೆ ಹತ್ತಿರ ಹತ್ತಿರದ ನಾಲ್ಕು ಪಾರ್ಕಿಗೆ ಇಬ್ಬರು, ಒಂದು ಟ್ಯಾಂಕರ್. ನಾಲ್ಕೈದು ಬಡಾವಣೆಯವರು ಸೇರಿದ್ದೇವೆ ಅಂದಿರಲ್ಲ, ನಿಮ್ಮ ಮಟ್ಟಿಗೆ ಅದೇ ಒಂದು ಪ್ರದೇಶ, ಅಲ್ಲಿಂದಲೇ ಶುರು ಮಾಡಬಹುದು. ಇನ್ನು ಕೆಲವು ಜಾಗಕ್ಕೆ ಮಾಲಿಯೇ ಬೇಡ. ಹಳ್ಳದ ದಂಡೆ, ಕೆರೆ ಅಂಚು ಇವಕ್ಕೆ ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಹೂಳು ತೆಗೆದು, ಮಳೆ ನಿಂತ ಮೇಲೆ ದಾರಿ ಸವರಿದರೆ ಸಾಕು. ಹುಲ್ಲುಹಾಸು, ಹೂವಿನ ಮಡಿ ಮಾಡಿದ ಕಡೆಯೇ ದಿನಾ ಆಳು ಬೇಕಾಗುವುದು. ಇಪ್ಪತ್ತು ವರ್ಷದ ಯೋಜನೆಯಲ್ಲಿ ಹುಲ್ಲುಹಾಸು ಕಡಿಮೆ ಇದ್ದಷ್ಟೂ ಅದು ನಡೆಯುವ ಯೋಜನೆ.

ಹೊಳೆದಾಟಿದವರು ಹೇಳಿದ ಹಾಗೆ ಪಾರ್ಕಿಗೇ ಒಂದು ಸಂಸ್ಥೆ, ಅದಕ್ಕೊಂದು ತೆರಿಗೆ ನಮ್ಮಲ್ಲಿ ಸದ್ಯಕ್ಕೆ ಆಗುವ ಮಾತಲ್ಲ. ಆದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಪಾಲಿಕೆ, ಪ್ರಾಧಿಕಾರ, ನೀರಾವರಿ, ಅರಣ್ಯ, ಆರೋಗ್ಯ, ಸುತ್ತಲಿನ ಪಂಚಾಯ್ತಿ ಎಲ್ಲ ವರ್ಷಕ್ಕೆ ಎರಡು ಸಲ ಒಂದೇ ನಕ್ಷೆ ಮುಂದೆ ಕೂರಲಿ ಅಂತ ಕೇಳಬಹುದು. ಒಂದು ಸಭೆ ಡಿಸೆಂಬರ್‌ಗೆ ಮುಂಚೆ ಆಗಲಿ, ಉಣುಗಿನ ಲೆಕ್ಕಕ್ಕೆ. ಇನ್ನೊಂದು ಮೇ ತಿಂಗಳಲ್ಲಿ, ಹೊಳೆ ಏರುವ ಮುಂಚೆ. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಕಟ್ಟಡವೂ ಬೇಡ.

ಅರ್ಜಿ ಬರೆದು ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ. ಸರ್ವೆ ನಂಬರ್ ಬರೆಯುವಾಗ ಹಿಸ್ಸಾ (ಅದರೊಳಗಿನ ಭಾಗದ) ನಂಬರನ್ನೂ ಬಿಡದೆ ಬರೆಯಿರಿ, ಇಲ್ಲದಿದ್ದರೆ ಆ ಒಂದೇ ಕಾರಣಕ್ಕೆ ವಾಪಸ್ ಕಳಿಸುತ್ತಾರೆ.